ಪದ್ಯ ಬಿಟ್ಟು ಅರ್ಥ ಹೇಳಬೇಡಿ: ಫ್ಯಾನ್ ಥಿಯರಿ ಕಟ್ಟುವವರಿಗೆ ಒಂದು ಕೈಪಿಡಿ

2015ರ ಜುಲೈನಲ್ಲಿ ಬಾಹುಬಲಿ ಮೊದಲ ಭಾಗ ಬಂತು. ಎರಡನೆಯದು ಬಂದಿದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ಸುಮಾರು 21 ತಿಂಗಳು ಬಸ್ಸಿನಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲ್ಲಿ ಕೂತರೂ ಒಂದೇ ಪ್ರಶ್ನೆ: ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? ನನ್ನ ಹತ್ತಿರ ಒಂದು ಉತ್ತರ ಇತ್ತು. ಬಾಹುಬಲಿಯೇ ತನ್ನನ್ನು ಕೊಲ್ಲು ಅಂತ ಕೇಳಿಕೊಂಡಿರುತ್ತಾನೆ, ಮನೆತನದ ಜಗಳ ಅಲ್ಲಿಗೇ ನಿಲ್ಲಲಿ ಅಂತ. ಕಥೆ ಹೇಳದೆ ಬಿಟ್ಟಿದ್ದಕ್ಕೆ ಅಭಿಮಾನಿಗಳು ಕಟ್ಟುವ ಇಂಥ ಊಹೆಗೇ ಫ್ಯಾನ್ ಥಿಯರಿ ಅನ್ನುವುದು. ಕೇಳಿದವರಿಗೆಲ್ಲ ಕಣ್ಣು ಒದ್ದೆಯಾಗುವಂಥ ಥಿಯರಿ. ಆದರೆ ಚಿಕ್ಕಪ್ಪನ ಮಗಳು ಒಂದೇ ಪ್ರಶ್ನೆ ಕೇಳಿದಳು. "ಅಣ್ಣಾ, ಇದು ಸಿನಿಮಾದಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಅದು ನನಗೆ ಬೇಕಾಗಿದ್ದ ಕಥೆ.

ಅವಳು ತೋರಿಸಿದ್ದು ಸುದೀಪ್ ಬರುವ ದೃಶ್ಯ. ಅಸ್ಲಂ ಖಾನ್ ಅನ್ನುವ ವ್ಯಾಪಾರಿ ಕಟ್ಟಪ್ಪನ ಕತ್ತಿವರಸೆ ನೋಡಿ ಬೆರಗಾಗುತ್ತಾನೆ, ಇವನು ಗುಲಾಮ ಅಂತ ಗೊತ್ತಾದಾಗ ದುಡ್ಡು ಕೊಟ್ಟು ಬಿಡಿಸುತ್ತೇನೆ ಅನ್ನುತ್ತಾನೆ. ಕಟ್ಟಪ್ಪ ಒಪ್ಪುವುದಿಲ್ಲ. ತನ್ನ ಹಿರಿಯರು ಸಿಂಹಾಸನಕ್ಕೆ ಮಾತು ಕೊಟ್ಟಿದ್ದಾರೆ, ಅದನ್ನು ಮೀರಲಾರೆ ಅನ್ನುತ್ತಾನೆ. ಕಥೆ ಓಡಲು ಆ ದೃಶ್ಯ ಬೇಕಾಗಿಯೇ ಇಲ್ಲ. ಹಾಗಿದ್ದರೆ ಅಷ್ಟು ಹೊತ್ತು ಅದನ್ನು ಯಾಕೆ ತೋರಿಸಿದರು? ಅಲ್ಲಿಂದ ಅವಳು ಹೊರಟಳು. ಕಟ್ಟಪ್ಪ ತಾನಾಗಿ ಕೊಂದಿಲ್ಲ, ಸಿಂಹಾಸನದಿಂದ ಆಜ್ಞೆ ಬಂದಿದೆ, ಆಜ್ಞೆ ಕೊಟ್ಟವನು ಬಾಹುಬಲಿಯ ದಾಯಾದಿ ಭಲ್ಲಾಳದೇವ. ಎರಡನೇ ಭಾಗದಲ್ಲಿ ಆಜ್ಞೆಯೇ ಕಾರಣ ಅಂತ ಬಂತು, ಆದರೆ ಕೊಟ್ಟವಳು ರಾಜಮಾತೆ ಶಿವಗಾಮಿ. ಮುಕ್ಕಾಲು ಪಾಲು ಸರಿ, ಒಂದು ಹೆಸರು ತಪ್ಪು. ಸಿನಿಮಾ ಮುಗಿದ ಮೇಲೂ ನನಗೆ ಆಸಕ್ತಿ ಹುಟ್ಟಿದ್ದು ಅವಳು ಅಲ್ಲಿಗೆ ತಲುಪಿದ ದಾರಿಯ ಮೇಲೆ.

ಆ ದಾರಿಯನ್ನು ನಾನು ಚಿಕ್ಕವನಿದ್ದಾಗಲೇ ಬೇರೆ ಕಡೆ ನೋಡಿದ್ದೆ. ಅಜ್ಜ ನನ್ನನ್ನು ತಾಳಮದ್ದಲೆಗೆ ಕರೆದುಕೊಂಡು ಹೋಗುತ್ತಿದ್ದರು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅಲ್ಲೇ ಮಾತು ಕಟ್ಟಿ ವಾದ ಮಾಡುತ್ತಾರೆ. ವಾಲಿಮೋಕ್ಷ ಪ್ರಸಂಗದಲ್ಲಿ ಬಾಣ ತಿಂದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಿಗೆ ಕೆಲವು ರಾತ್ರಿ ಸಭೆಗೆ ಸಭೆಯೇ ವಾಲಿಯ ಕಡೆ ವಾಲಿಬಿಡುತ್ತಿತ್ತು. ಆದರೂ ಮುಂದಿನ ಪದ್ಯದಲ್ಲಿ ವಾಲಿ ಸಾಯಲೇಬೇಕು. ಎಷ್ಟೇ ದೊಡ್ಡ ಮಾತುಗಾರನಾದರೂ ಅದನ್ನು ತಪ್ಪಿಸುವಂತಿಲ್ಲ. ಪದ್ಯ ಬಿಟ್ಟು ಅರ್ಥ ಹೇಳಬಾರದು ಅಂತ ಅಜ್ಜ ಹೇಳುತ್ತಿದ್ದರು. ಫ್ಯಾನ್ ಥಿಯರಿಗೂ ನನಗೆ ಇದಕ್ಕಿಂತ ಒಳ್ಳೆಯ ನಿಯಮ ಸಿಕ್ಕಿಲ್ಲ. ಕ್ಯಾನನ್, ಅಂದರೆ ಅಧಿಕೃತ ಅಂತ ಎಲ್ಲರೂ ಒಪ್ಪಿದ ಮೂಲ ಕಥೆ, ಅದೇ ಪದ್ಯ. ಥಿಯರಿ ಅಂದರೆ ಅರ್ಥ. ಹಾಗಾದರೆ ಒಂದು ಥಿಯರಿಯನ್ನು ಹೇಗೆ ಕಟ್ಟಬೇಕು ಅಂತ ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾವುದು ಪದ್ಯ ಅಂತ ಗೊತ್ತುಮಾಡಿಕೊಳ್ಳಿ

ಕ್ಯಾನನ್ ಅನ್ನುವ ಪದ ಬಂದಿದ್ದು ಚರ್ಚಿನಿಂದ. ಬೈಬಲಿನಲ್ಲಿ ಯಾವ ಪುಸ್ತಕಗಳು ಸೇರುತ್ತವೆ ಅನ್ನುವ ಪಟ್ಟಿಗೆ ಹಾಗೆ ಹೆಸರು. ಅದನ್ನು ಕಥೆಗಳಿಗೆ ಅಂಟಿಸಿದವರು ಷರ್ಲಾಕ್ ಹೋಮ್ಸ್ ಓದುಗರು. ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣ ಕಥೆ, ಒಟ್ಟು 60. ಇಷ್ಟು ಮಾತ್ರ ಕ್ಯಾನನ್, ಉಳಿದವರು ಬರೆದಿದ್ದು ಅಲ್ಲ. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವವರು ಈ ಕಥೆಗಳನ್ನು ಧರ್ಮಗ್ರಂಥದ ಹಾಗೆ ಸಾಲು ಸಾಲಾಗಿ ಬಿಡಿಸಿ ಒಂದು ಪ್ರಬಂಧ ಓದಿದರು. ಆ ಆಟ ಇವತ್ತಿಗೂ ನಿಂತಿಲ್ಲ.

ಹೋಮ್ಸ್ ವಿಷಯದಲ್ಲಿ ಲೆಕ್ಕ ಸುಲಭ. ಉಳಿದ ಕಡೆ ಅಷ್ಟು ಸುಲಭ ಅಲ್ಲ. ಸ್ಟಾರ್ ವಾರ್ಸ್ ಅಭಿಮಾನಿಗಳು ದಶಕಗಟ್ಟಲೆ ಕಾದಂಬರಿ, ಕಾಮಿಕ್ಸ್, ಗೇಮ್ ಎಲ್ಲ ಸೇರಿಸಿ ಓದಿಕೊಂಡಿದ್ದರು. 2012ರಲ್ಲಿ ಆ ಸಿನಿಮಾಗಳನ್ನು ಮಾಡುವ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಡಿಸ್ನಿ ಕೊಂಡಿತು. 2014ರ ಏಪ್ರಿಲ್‌ನಲ್ಲಿ ಆ ಕಾದಂಬರಿ, ಕಾಮಿಕ್ಸ್‌ಗಳೆಲ್ಲ ಇನ್ನು ಮುಂದೆ ಲೆಜೆಂಡ್ಸ್ ಅಂತ ಘೋಷಣೆಯಾಯಿತು. ದಂತಕಥೆ ಅಂದ ಹಾಗೆ. ಒಂದೇ ದಿನದಲ್ಲಿ ಸಾವಿರಾರು ಪುಟ ಕ್ಯಾನನ್‌ನಿಂದ ಹೊರಗೆ ಬಿತ್ತು. ಆ ಪುಟಗಳನ್ನು ಆಧರಿಸಿ ಕಟ್ಟಿದ ಥಿಯರಿಗಳ ಕಾಲಡಿಯ ನೆಲವೇ ಹೋಯಿತು. ಪುಸ್ತಕ ಚೆನ್ನಾಗಿಲ್ಲ ಅಂತ ಯಾರೂ ಹೇಳಲಿಲ್ಲ. ಮುಂದಿನ ಸಿನಿಮಾ ಬರೆಯುವವರಿಗೆ ಕೈ ಬಿಚ್ಚಿ ಬರೆಯಲು ಜಾಗ ಬೇಕಿತ್ತು, ಅಷ್ಟೇ. ಆದರೂ ಹದಿನೈದು ವರ್ಷ ಓದಿದವರಿಗೆ ಎಷ್ಟು ನೋವಾಗಿರಬೇಕು ಅಂತ ನನಗೆ ಅರ್ಥ ಆಗುತ್ತದೆ.

ಹಾಗಾಗಿ ಪೆನ್ನು ಹಿಡಿದು ಕೂತ ಕೂಡಲೇ ಮೊದಲು ಇದನ್ನು ಬರೆದುಕೊಳ್ಳಿ. ನಾನು ಯಾವುದನ್ನು ಸಾಕ್ಷಿ ಅಂತ ಒಪ್ಪುತ್ತೇನೆ? ನನ್ನ ಕ್ರಮ ಹೀಗೆ. ಎಲ್ಲಕ್ಕಿಂತ ಮೇಲೆ ಸಿನಿಮಾ ಅಥವಾ ಪುಸ್ತಕ. ಅದರ ಕೆಳಗೆ ಅದೇ ತಂಡ ಮಾಡಿದ ಮುಂದಿನ, ಹಿಂದಿನ ಭಾಗಗಳು. ಆಮೇಲೆ ಕತ್ತರಿಸಿದ ದೃಶ್ಯಗಳು, ಸಂದರ್ಶನದ ಮಾತುಗಳು. ಟ್ರೇಲರ್ ಮತ್ತು ಪೋಸ್ಟರ್ ಕಟ್ಟಕಡೆಗೆ, ಯಾಕೆಂದರೆ ಟ್ರೇಲರಿನಲ್ಲಿ ಎರಡು ಬೇರೆ ದೃಶ್ಯದ ತುಂಡುಗಳನ್ನು ಜೋಡಿಸಿ ಒಬ್ಬರಿಗೊಬ್ಬರು ಉತ್ತರ ಕೊಟ್ಟ ಹಾಗೆ ಮಾಡುವುದು ಮಾಮೂಲಿ ಕೆಲಸ. ನಿಮ್ಮ ಕ್ರಮ ಬೇರೆ ಇರಬಹುದು. ಆದರೆ ವಾದ ಶುರುವಾದ ಮೇಲೆ ಅದನ್ನು ಬದಲಾಯಿಸಬೇಡಿ.

ಎರಡನೇ ಹೆಜ್ಜೆ: ಮತ್ತೆ ಓದಿ, ಈ ಸಲ ಕಥೆಗಾಗಿ ಅಲ್ಲ

ನನಗೆ ತುಂಬ ಇಷ್ಟವಾದ ಹಂತ ಇದು, ಜಾಸ್ತಿ ಹೊತ್ತು ಕೊಡಬೇಕಾದ್ದೂ ಇದಕ್ಕೇ. ಮೊದಲ ಸಲ ನೋಡುವಾಗ ನಾವು ಮುಂದೆ ಏನಾಗುತ್ತದೆ ಅಂತ ಓಡುತ್ತಿರುತ್ತೇವೆ. ಎರಡನೇ ಸಲ ಆ ಅವಸರ ಇರುವುದಿಲ್ಲ. ಆಗ ಮೂಲೆಯಲ್ಲಿ ಇಟ್ಟಿದ್ದು ಕಾಣಿಸುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತಿ ಚೆನ್ನಾದ ಉದಾಹರಣೆ ಹ್ಯಾರಿ ಪಾಟರ್ ಓದುಗರದು. 2005ರಲ್ಲಿ ಆರನೇ ಪುಸ್ತಕ ಬಂತು. ಅದರ ಕೊನೆಯಲ್ಲಿ ಹ್ಯಾರಿಗೆ ಒಂದು ನಕಲಿ ಲಾಕೆಟ್ ಸಿಗುತ್ತದೆ, ಒಳಗೆ ಒಂದು ಚೀಟಿ, ಚೀಟಿಯ ಕೆಳಗೆ ಮೂರೇ ಅಕ್ಷರ: ಆರ್.ಎ.ಬಿ. ಯಾರಿದು? ಓದುಗರು ಹಿಂದಕ್ಕೆ ಹೋದರು. 2003ರ ಐದನೇ ಪುಸ್ತಕದಲ್ಲಿ ಸಿರಿಯಸ್ ಬ್ಲ್ಯಾಕ್ ತನ್ನ ತಮ್ಮ ರೆಗ್ಯುಲಸ್ ಬಗ್ಗೆ ನಾಲ್ಕು ಮಾತು ಆಡುತ್ತಾನೆ. ಖಳನಾಯಕ ವೋಲ್ಡೆಮಾರ್ಟ್‌ನ ಗುಂಪಿಗೆ ಸೇರಿದ, ಆಮೇಲೆ ಹೆದರಿ ಹಿಂದೆ ಸರಿದ, ಸತ್ತ. ಅದೇ ಪುಸ್ತಕದಲ್ಲಿ ಬ್ಲ್ಯಾಕ್ ಮನೆತನದ ಹಳೇ ಮನೆ ಗುಡಿಸುವಾಗ ಸಿಕ್ಕ ಹಾಳುಮೂಳುಗಳ ನಡುವೆ ಯಾರಿಂದಲೂ ತೆರೆಯಲಾಗದ ಒಂದು ಭಾರವಾದ ಲಾಕೆಟ್ ಕೂಡ ಇತ್ತು. ಅರ್ಧ ಸಾಲು! ಮೊದಲ ಓದಿನಲ್ಲಿ ಅದು ಕಸದ ಜೊತೆ ಕಸ.

ಇನ್ನೂ ಚೆಂದದ ಸಾಕ್ಷಿ ಬಂದಿದ್ದು ಅನುವಾದಗಳಿಂದ. ಡಚ್ ಭಾಷೆಯ ಪುಸ್ತಕದಲ್ಲಿ ಬ್ಲ್ಯಾಕ್ ಮನೆತನದ ಹೆಸರು ಜ್ವಾರ್ಟ್ಸ್, ಅಲ್ಲಿ ಚೀಟಿಯ ಸಹಿ ಆರ್.ಎ.ಜೆಡ್. ಆಗಿತ್ತು. ನಾರ್ವೆಯ ಭಾಷೆಯಲ್ಲಿ ಮನೆತನ ಸ್ವಾರ್ಟ್, ಸಹಿ ಆರ್.ಎ.ಎಸ್. ಅನುವಾದಕರು ಮನೆತನದ ಹೆಸರಿಗೆ ತಕ್ಕಂತೆ ಕೊನೆಯ ಅಕ್ಷರ ಬದಲಿಸಿದ್ದರು, ಅಂದರೆ ಆ ಸಹಿ ಯಾರ ಮನೆಯದು ಅನ್ನುವುದು ಹೊರಗೆ ಬಂದ ಹಾಗೆಯೇ ಆಯಿತು. 2007ರಲ್ಲಿ ಏಳನೇ ಪುಸ್ತಕ ಬಂದಾಗ ರೆಗ್ಯುಲಸ್ ಅಂತಲೇ ಇತ್ತು. ಎರಡು ವರ್ಷ ಮೊದಲೇ, ಬರೀ ಓದಿನಿಂದ, ಜನ ಅಲ್ಲಿಗೆ ತಲುಪಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಒಂದು ನೋಟ್‌ಬುಕ್ ಇಡಿ. ಪುಸ್ತಕ ಆದರೆ ಪುಟದ ಸಂಖ್ಯೆ, ಸಿನಿಮಾ ಆದರೆ ಎಷ್ಟನೇ ನಿಮಿಷ ಅಂತ ಬರೆಯಿರಿ. ಎದುರುಗಡೆ ಅಲ್ಲಿ ಏನು ಕಂಡಿತು, ಏನು ಕೇಳಿಸಿತು ಅನ್ನುವುದನ್ನು ಮಾತ್ರ ಬರೆಯಿರಿ. "ಕಟ್ಟಪ್ಪ ಬೇಡ ಅಂದ" ಅಂತ ಬರೆಯಬಹುದು. "ಕಟ್ಟಪ್ಪನಿಗೆ ಒಳಗೊಳಗೇ ಬಿಡುಗಡೆ ಬೇಕಿತ್ತು" ಅಂತ ಬರೆಯಬೇಡಿ, ಅದು ಈಗಲೇ ಅರ್ಥ ಆಯಿತು, ಪದ್ಯ ಅಲ್ಲ. ಕನ್ನಡಕ್ಕೆ ಡಬ್ ಆದ ಸಿನಿಮಾ ನೋಡುತ್ತಿದ್ದರೆ ಮುಖ್ಯವಾದ ಮಾತುಗಳನ್ನು ಮೂಲ ಭಾಷೆಯಲ್ಲೂ ಒಮ್ಮೆ ಕೇಳಿ. ತುಟಿಗೆ ಹೊಂದಿಸಲು ಮಾತು ಬದಲಿಸಿರುತ್ತಾರೆ, ಒಂದು ಪದದ ಮೇಲೆ ಥಿಯರಿ ನಿಂತಿದ್ದರೆ ಆ ಪದ ಅಲ್ಲಿ ಇಲ್ಲದೇ ಇರಬಹುದು.

ಮೂರನೇ ಹೆಜ್ಜೆ: ಸುಳ್ಳಾಗಬಲ್ಲ ಒಂದು ವಾಕ್ಯ ಬರೆಯಿರಿ

ಕೆಜಿಎಫ್ ಎರಡನೇ ಭಾಗ 2022ರ ಏಪ್ರಿಲ್‌ನಲ್ಲಿ ಬಂತು. ಕೊನೆಗೆ ರಾಕಿ ಹಡಗಿನ ಜೊತೆ, ಚಿನ್ನದ ಜೊತೆ ಸಮುದ್ರಕ್ಕೆ ಮುಳುಗುತ್ತಾನೆ. ಆಮೇಲೆ ಮೂರನೇ ಭಾಗದ ಸುಳಿವು ಕೊಟ್ಟು ಬಿಡುತ್ತಾರೆ. ಅವತ್ತಿನಿಂದ ರಾಕಿ ಸತ್ತಿಲ್ಲ ಅನ್ನುವ ಥಿಯರಿಗಳಿಗೆ ಲೆಕ್ಕವೇ ಇಲ್ಲ.

ಇವುಗಳಲ್ಲಿ "ರಾಕಿಗೆ ಏನೋ ದೊಡ್ಡ ಪ್ಲಾನ್ ಇದೆ" ಅನ್ನುವುದು ಥಿಯರಿ ಅಲ್ಲ. ಮುಂದೆ ಏನು ಬಂದರೂ ನಾನು ಹೇಳಿದ್ದೆ ಅನ್ನಬಹುದು. "ಮುಳುಗಿದ್ದು ನಿಜವಾದ ಚಿನ್ನ ಅಲ್ಲ, ಅದನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದ" ಅನ್ನುವುದು ಥಿಯರಿ. ಸಿನಿಮಾದಲ್ಲಿ ಅದಕ್ಕೆ ಸಮಯ ಎಲ್ಲಿತ್ತು, ಯಾರು ಸಾಗಿಸಿದರು, ಯಾವ ದೃಶ್ಯದಲ್ಲಿ ಸುಳಿವಿದೆ ಅಂತ ಕೇಳಬಹುದು. ಉತ್ತರ ಸಿಗದಿದ್ದರೆ ಬಿಡಬಹುದು.

ನನಗೆ ಕೆಜಿಎಫ್‌ನಲ್ಲಿ ಇದಕ್ಕಿಂತ ಹಿಡಿಸಿದ್ದು ಇನ್ನೊಂದು. ಈ ಕಥೆಯನ್ನು ನಮಗೆ ಹೇಳುತ್ತಿರುವವರು ಯಾರು? ಮೊದಲ ಭಾಗದಲ್ಲಿ ಪತ್ರಕರ್ತ ಆನಂದ್ ಇಂಗಳಗಿ, ಅಂದರೆ ಅನಂತ್ ನಾಗ್. ಎರಡನೇ ಭಾಗದಲ್ಲಿ ಮಗ ವಿಜಯೇಂದ್ರ, ಪ್ರಕಾಶ್ ರಾಜ್. ಎರಡೂ ಕಡೆ ಕಥೆ ಬರುವುದು ಒಂದು ಪುಸ್ತಕದ ಮೂಲಕ. ಹಾಗಾದರೆ ಒಬ್ಬನೇ ನೂರು ಜನರನ್ನು ಹೊಡೆಯುವುದು ನಡೆದ ಸಂಗತಿಯೇ, ಅಥವಾ ಬಾಯಿಂದ ಬಾಯಿಗೆ ದೊಡ್ಡದಾಗುತ್ತಾ ಬಂದು ಪುಸ್ತಕ ಸೇರಿದ ಮಾತೇ? ಇದನ್ನು ಪರೀಕ್ಷೆ ಮಾಡಬಹುದು. ರಾಕಿ ಒಬ್ಬನೇ ಇರುವ, ಇಂಗಳಗಿಗೆ ಹೇಳಲು ಯಾರೂ ಸಾಕ್ಷಿ ಇಲ್ಲದ ದೃಶ್ಯಗಳನ್ನು ಪಟ್ಟಿ ಮಾಡಿ. ಅವು ಉಳಿದ ದೃಶ್ಯಗಳಿಗಿಂತ ಬೇರೆ ರೀತಿ ಇವೆಯಾ ನೋಡಿ. ಒಂದು ಭಾನುವಾರ ಇದಕ್ಕೇ ಕೊಡಿ, ಖಂಡಿತ ವ್ಯರ್ಥ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ತಪ್ಪು ಯಾವುದು, ಸುಳಿವು ಯಾವುದು

ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಅಫ್ಘಾನಿಸ್ತಾನದ ಯುದ್ಧದಲ್ಲಿ ಗುಂಡು ತಾಗಿತ್ತು. 1887ರ ಮೊದಲ ಕಾದಂಬರಿಯಲ್ಲಿ ಅದು ಭುಜಕ್ಕೆ. 1890ರ ಎರಡನೆಯದರಲ್ಲಿ ಕಾಲಿಗೆ. ಅವನ ಹೆಸರು ಜಾನ್ ಎಚ್. ವಾಟ್ಸನ್, ಆದರೆ 1891ರ ಒಂದು ಕಥೆಯಲ್ಲಿ ಹೆಂಡತಿಯೇ ಅವನನ್ನು ಜೇಮ್ಸ್ ಅಂತ ಕರೆಯುತ್ತಾಳೆ. ಡಾಯ್ಲ್ ಬೇಗ ಬೇಗ ಬರೆಯುತ್ತಿದ್ದರು, ಹಿಂದಿನದನ್ನು ತಿರುಗಿ ನೋಡುತ್ತಿರಲಿಲ್ಲ. ಆದರೆ ಡೊರೊಥಿ ಸೇಯರ್ಸ್ ಅನ್ನುವ ಲೇಖಕಿ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟರು. ಎಚ್ ಅಂದರೆ ಹೇಮಿಶ್, ಸ್ಕಾಟ್ಲೆಂಡಿನಲ್ಲಿ ಅದು ಜೇಮ್ಸ್‌ನದೇ ಇನ್ನೊಂದು ರೂಪ, ಹೆಂಡತಿ ಅವನನ್ನು ನಡುಹೆಸರಿನಿಂದ ಕರೆದಿದ್ದಾಳೆ. ಡಾಯ್ಲ್ ಎಲ್ಲೂ ಹಾಗೆ ಹೇಳಿಲ್ಲ. ಆದರೆ ಆ ಥಿಯರಿ ಒಂದೇ ಒಂದು ಸಾಲನ್ನೂ ಮುರಿಯುವುದಿಲ್ಲ.

ಇಂಥ ಥಿಯರಿಗೂ ಆರ್.ಎ.ಬಿ. ಥಿಯರಿಗೂ ವ್ಯತ್ಯಾಸ ಇದೆ. ಲಾಕೆಟ್ಟನ್ನು ಲೇಖಕಿಯೇ ಬೇಕೆಂದು ಇಟ್ಟಿದ್ದು. ವಾಟ್ಸನ್ ಹೆಸರು ಕೈತಪ್ಪಿ ಆಗಿದ್ದು, ಓದುಗರು ಪ್ರೀತಿಯಿಂದ ಹೊಲಿಗೆ ಹಾಕಿದರು. ಎರಡಕ್ಕೂ ಜಾಗ ಇದೆ. ಆದರೆ ನೀವು ಮಾಡುತ್ತಿರುವುದು ಯಾವುದು ಅಂತ ನಿಮಗೆ ಗೊತ್ತಿರಬೇಕು. ಬೇರೆ ಮಾಡಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕಥೆ ಆ ವಿವರಕ್ಕೆ ಇನ್ನೊಮ್ಮೆ ಮರಳಿ ಬರುತ್ತದಾ? ಆ ವಿವರ ಇಲ್ಲದಿದ್ದರೂ ದೃಶ್ಯ ನಡೆಯುತ್ತಿತ್ತಾ, ನಡೆಯುತ್ತಿದ್ದರೆ ಅದನ್ನು ಯಾಕೆ ಉಳಿಸಿಕೊಂಡರು? ಒಂದು ಶಾಟಿನಲ್ಲಿ ಲೋಟ ತುಂಬಿದ್ದು ಮುಂದಿನ ಶಾಟಿನಲ್ಲಿ ಖಾಲಿ ಇದ್ದರೆ ಅದು ಶೂಟಿಂಗ್ ದಿನದ ಅವಸರ. ಅದರ ಮೇಲೆ ಕಾಲಯಾನದ ಥಿಯರಿ ಕಟ್ಟಬೇಡಿ.

ನಿಮ್ಮ ಮಾತಿಗೆ ಅಡ್ಡ ಬರುವ ಸಾಲುಗಳನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಇದನ್ನು ಬಿಡುವವರೇ ಜಾಸ್ತಿ. ನಾನೂ ಬಾಹುಬಲಿ ವಿಷಯದಲ್ಲಿ ಬಿಟ್ಟಿದ್ದೆ.

ಐದನೇ ಹೆಜ್ಜೆ: ಬರೆದವರ ಮಾತಿಗೆ ಎಷ್ಟು ತೂಕ ಅಂತ ತೀರ್ಮಾನಿಸಿ

2007ರ ಅಕ್ಟೋಬರಿನಲ್ಲಿ, ಪುಸ್ತಕಗಳೆಲ್ಲ ಮುಗಿದ ಮೇಲೆ, ಹ್ಯಾರಿ ಪಾಟರ್ ಬರೆದ ರೌಲಿಂಗ್ ಓದುಗರ ಎದುರು ಹ್ಯಾರಿಯ ಶಾಲೆಯ ಮುಖ್ಯಗುರು ಡಂಬಲ್‌ಡೋರ್ ಸಲಿಂಗಕಾಮಿ ಅಂದರು. ಏಳು ಪುಸ್ತಕಗಳಲ್ಲಿ ಎಲ್ಲೂ ಆ ಮಾತು ನೇರವಾಗಿ ಇಲ್ಲ. ಅದು ಕ್ಯಾನನ್ ಹೌದಾ? ನನ್ನ ಪ್ರಕಾರ ಅದು ಪುಸ್ತಕದ ಹೊರಗಿನ ಒಳ್ಳೆಯ ಸಾಕ್ಷಿ. ಅದನ್ನು ತಿಳಿದು ಮತ್ತೆ ಓದಿದರೆ ಡಂಬಲ್‌ಡೋರ್‌ನ ಹಳೆಯ ಗೆಳೆಯ ಗ್ರಿಂಡೆಲ್‌ವಾಲ್ಡ್ ಬರುವ ಪುಟಗಳಿಗೆ ಬೇರೆ ಬಣ್ಣ ಬರುತ್ತದೆ. ಆದರೆ ಪುಟದಲ್ಲಿ ಇರುವುದಕ್ಕೂ ವೇದಿಕೆಯಲ್ಲಿ ಹೇಳಿದ್ದಕ್ಕೂ ಒಂದೇ ತೂಕ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬ್ಲೇಡ್ ರನ್ನರ್ ಸಿನಿಮಾದ್ದು ಇನ್ನೂ ತೊಡಕು. ನಾಯಕ ಡೆಕರ್ಡ್ ಮನುಷ್ಯನಾ, ಅಥವಾ ಅವನೇ ಬೇಟೆಯಾಡುವ ಕೃತಕ ಮನುಷ್ಯರಲ್ಲಿ ಒಬ್ಬನಾ? ನಿರ್ದೇಶಕ ರಿಡ್ಲಿ ಸ್ಕಾಟ್ ಅವನು ಕೃತಕ ಅನ್ನುತ್ತಾರೆ. ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ವರ್ಷಗಟ್ಟಲೆ ಮನುಷ್ಯ ಅಂತಲೇ ಹೇಳಿಕೊಂಡು ಬಂದರು. ಸಿನಿಮಾವೂ ಒಂದೇ ಅಲ್ಲ. 1982ರಲ್ಲಿ ಥಿಯೇಟರಿಗೆ ಬಂದದ್ದರಲ್ಲಿ ಒಂಟಿಕೊಂಬಿನ ಕುದುರೆಯ ಕನಸು ಇರಲಿಲ್ಲ, 1992ರ ಆವೃತ್ತಿಯಲ್ಲಿ ಬಂತು. ಆ ಕನಸು ಇದ್ದರೆ ಮಾತ್ರ ಕೊನೆಯಲ್ಲಿ ಸಿಗುವ, ಸಹೋದ್ಯೋಗಿ ಮಾಡಿಟ್ಟ ಕಾಗದದ ಒಂಟಿಕೊಂಬಿನ ಕುದುರೆಗೆ ಭಯಂಕರ ಅರ್ಥ. ಅವನ ಕನಸು ಬೇರೆಯವರಿಗೆ ಹೇಗೆ ಗೊತ್ತಾಯಿತು? ಹಾಗಾಗಿ ಇಂಥ ಕಡೆ ವಾದಕ್ಕೆ ಇಳಿಯುವ ಮೊದಲು ಯಾವ ಆವೃತ್ತಿ ನೋಡಿದ್ದು ಅಂತ ಕೇಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ. ಕುವೆಂಪು ರಾಮಾಯಣದರ್ಶನದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಇವುಗಳನ್ನೂ ಫ್ಯಾನ್ ಥಿಯರಿ ಅನ್ನುವವರನ್ನು ಕಂಡಿದ್ದೇನೆ. ಆದರೆ ಇವರು ವಾಲ್ಮೀಕಿಯ ಸಾಲಿನಲ್ಲಿ ಹೀಗಿದೆ ಅಂತ ಎಲ್ಲೂ ವಾದ ಮಾಡಲಿಲ್ಲ. ಇವರು ಹೊಸ ಪದ್ಯವನ್ನೇ ಬರೆದರು. ನಿಮ್ಮ ಥಿಯರಿಯನ್ನು ಉಳಿಸಲು ಮೂಲದ ಹತ್ತು ಸಾಲು ಬದಲಿಸಬೇಕು ಅನ್ನಿಸುತ್ತಿದ್ದರೆ ಸುಮ್ನೆ ಥಿಯರಿ ಅಂತ ಹಟ ಹಿಡಿಯಬೇಡಿ, ಕೂತು ಕಥೆಯನ್ನೇ ಬರೆಯಿರಿ. ನಮ್ಮಲ್ಲಿ ಅದಕ್ಕೆ ಸಾವಿರ ವರ್ಷದ ದಾರಿ ಇದೆ.

ಆರನೇ ಹೆಜ್ಜೆ: ನಾಲ್ಕು ಜನರ ಮುಂದೆ ಇಡಿ

ತಲೆಬರಹದಲ್ಲಿ ಗುಟ್ಟು ಬಿಡಬೇಡಿ. ಯಾವ ಭಾಗದ ತನಕ ನೋಡಿದವರು ಓದಬಹುದು ಅಂತ ಮೇಲೆಯೇ ಬರೆಯಿರಿ. ಸಾಕ್ಷಿ ಮೊದಲು, ನಿಮ್ಮ ತೀರ್ಮಾನ ಆಮೇಲೆ. ಯಾವುದು ಕಥೆಯಲ್ಲಿದೆ, ಯಾವುದು ನಿಮ್ಮ ಊಹೆ ಅಂತ ಬಿಡಿಸಿ ಹೇಳಿ. ಬೇರೆಯವರು ಮೊದಲೇ ಹೇಳಿದ್ದರೆ ಅವರನ್ನು ನೆನೆಯಿರಿ. ತಾರೀಕು ಹಾಕಿ, ಆಮೇಲೆ ತಿದ್ದಬೇಡಿ.

ಏಳನೇ ಹೆಜ್ಜೆ: ಉತ್ತರ ಬಂದ ದಿನ

ಗೇಮ್ ಆಫ್ ಥ್ರೋನ್ಸ್ ಪುಸ್ತಕ ಬಂದಿದ್ದು 1996ರಲ್ಲಿ. ಜಾನ್ ಸ್ನೋ ನೆಡ್ ಸ್ಟಾರ್ಕ್‌ಗೆ ಮದುವೆಯಾಚೆ ಹುಟ್ಟಿದ ಮಗ ಅಂತ ಎಲ್ಲರೂ ನಂಬಿರುತ್ತಾರೆ. ಆದರೆ ಸಾಯುವಾಗ ತಂಗಿ ಲಿಯಾನಾ ನೆಡ್‌ನಿಂದ ಒಂದು ಮಾತು ತೆಗೆದುಕೊಂಡಿದ್ದಾಳೆ, ಅದು ಏನು ಅಂತ ಪುಸ್ತಕ ಹೇಳುವುದಿಲ್ಲ. ನೆಡ್‌ನ ನೆನಪಿನಲ್ಲಿ ರಕ್ತ ಮತ್ತು ನೀಲಿ ಗುಲಾಬಿ ಮತ್ತೆ ಮತ್ತೆ ಬರುತ್ತವೆ. ಜಾನ್ ಲಿಯಾನಾ ಮತ್ತು ರಾಜಕುಮಾರ ರೇಗಾರ್‌ನ ಮಗ ಅಂತ ಓದುಗರು ಬಹಳ ಬೇಗ ಹೇಳಿಬಿಟ್ಟರು. ಟಿವಿ ಸರಣಿ 2016ರ ಜೂನ್‌ನಲ್ಲಿ ತಾಯಿ ಲಿಯಾನಾ ಅಂತ ತೋರಿಸಿತು, ತಂದೆ ಯಾರು ಅನ್ನುವುದನ್ನು ಮರುವರ್ಷ ಬಾಯಿಬಿಟ್ಟು ಹೇಳಿತು. ಸುಮಾರು ಇಪ್ಪತ್ತು ವರ್ಷ! ಆದರೆ ಇದು ಟಿವಿಯ ಕ್ಯಾನನ್. 2011ರಲ್ಲಿ ಬಂದ ಐದನೇ ಪುಸ್ತಕದ ತನಕ ಓದಿದರೂ ಪುಸ್ತಕ ಇದನ್ನು ಎಲ್ಲೂ ಹೇಳಿಲ್ಲ. ಪುಸ್ತಕದ ಮಟ್ಟಿಗೆ ಅದು ಇನ್ನೂ ಥಿಯರಿಯೇ.

ಓದುಗರು ಊಹಿಸಿಬಿಟ್ಟರು ಅಂತ ಕಥೆ ಬದಲಿಸುವುದಿಲ್ಲ ಅಂತ ಆ ಪುಸ್ತಕಗಳ ಲೇಖಕ ಮಾರ್ಟಿನ್ ಹೇಳಿದ್ದಾರೆ. ಬದಲಿಸಿದರೆ ಹಿಂದೆ ಇಟ್ಟ ಸುಳಿವುಗಳಿಗೆ ಅರ್ಥವೇ ಉಳಿಯುವುದಿಲ್ಲ ಅನ್ನುವುದು ಅವರ ಮಾತು. ನನಗೆ ಈ ಮಾತು ತುಂಬ ದೊಡ್ಡದು ಅನ್ನಿಸುತ್ತದೆ, ಯಾಕೆಂದರೆ ಇದು ಗಮನವಿಟ್ಟು ಓದಿದವರಿಗೆ ಲೇಖಕರು ಕೊಡುವ ಮರ್ಯಾದೆ.

ನಿಮ್ಮದು ಸರಿಯಾದರೆ ಖುಷಿಪಡಿ, ಯಾವ ಸಾಲಿನಿಂದ ಹೊಳೆಯಿತು ಅಂತ ಹೊಸಬರಿಗೆ ತೋರಿಸಿ. ತಪ್ಪಾದರೆ ಹಳೇ ಬರಹದ ಕೆಳಗೆ ಹಾಗಂತ ಬರೆಯಿರಿ, ಆದರೆ ಅಳಿಸಬೇಡಿ. ಸಿನಿಮಾ ಮಾಡಿದವರಿಗೆ, ನಟಿಸಿದವರಿಗೆ ಬೈಗುಳ ಕಳಿಸಬೇಡಿ. ಅವರು ತಮ್ಮ ಪದ್ಯ ಬರೆದಿದ್ದಾರೆ, ಅದು ಇಷ್ಟವಾಗದಿದ್ದರೆ ಯಾಕೆ ಇಷ್ಟವಾಗಲಿಲ್ಲ ಅಂತ ವಿಮರ್ಶೆ ಬರೆಯಲು ನಿಮಗೆ ಪೂರ್ತಿ ಹಕ್ಕಿದೆ.

2017ರಲ್ಲಿ ಎರಡನೇ ಭಾಗ ನೋಡಿ ಥಿಯೇಟರಿನಿಂದ ಹೊರಗೆ ಬಂದ ಕೂಡಲೇ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಅವಳು ಆಗಲೇ ನೋಡಿದ್ದಳು. "ಶಿವಗಾಮಿ ಅಂತ ನನಗೆ ಹೊಳೆಯಲೇ ಇಲ್ಲ ಅಣ್ಣಾ, ಮೊದಲ ಭಾಗದಲ್ಲಿ ಎಲ್ಲಿ ತಪ್ಪಿಸಿಕೊಂಡೆ ಅಂತ ನಾಳೆ ಮತ್ತೆ ಹಾಕಿ ನೋಡ್ತೀನಿ, ಬರ್ತೀಯಾ?" ಅಂದಳು. ಮಾರನೇ ದಿನ ಅವಳ ಮನೆಗೆ ನೋಟ್‌ಬುಕ್ ಹಿಡಿದುಕೊಂಡು ಹೋದೆ.